ಎದೆಗೊಟ್ಟು ನಿಲ್ಲುವ ಮುನ್ನ

ಹಾಕಿ ಗೋಲ್‌ಕೀಪರ್ ಕಿಟ್‌ನಲ್ಲಿ ಎಲ್ಲರೂ ಕೊನೆಗೆ ಕೊಳ್ಳುವ ಐಟಂ ಯಾವುದು ಹೇಳಿ ನೋಡೋಣ? ಚೆಸ್ಟ್ ಗಾರ್ಡ್. ಮೊದಲು ಕಾಲಿನ ಪ್ಯಾಡು, ಆಮೇಲೆ ಕಿಕ್ಕರ್, ಆಮೇಲೆ ಹೆಲ್ಮೆಟ್ಟು, ಗ್ಲೌಸು. ಅಷ್ಟರಲ್ಲಿ ದುಡ್ಡು ಖಾಲಿ. ಎದೆಗೆ ಏನು ಅಂತ ಕೇಳಿದರೆ 'ಇರೋದರಲ್ಲೇ ಅಡ್ಜಸ್ಟ್ ಮಾಡ್ಕೊ' ಎಂಬ ಉತ್ತರ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮವೂ ಹೆಚ್ಚುಕಮ್ಮಿ ಹಾಗೇ ಇದೆ. ಗೋಲ್‌ಕೀಪರ್ ಕನಿಷ್ಠ ಹೆಲ್ಮೆಟ್, ಲೆಗ್‌ಗಾರ್ಡ್, ಕಿಕ್ಕರ್ ಹಾಕಿರಲೇಬೇಕು ಎನ್ನುತ್ತದೆ. ಆ ಕಡ್ಡಾಯದ ಪಟ್ಟಿಯಲ್ಲಿ ಎದೆ ಇಲ್ಲ. ಹೃದಯ ಇರೋದು ಮಾತ್ರ ಅಲ್ಲೇ.

ನಾನು ತುಮಕೂರಿನಲ್ಲಿ ಬಿಇ ಓದುತ್ತಿದ್ದೇನೆ, ಐದನೇ ಸೆಮಿಸ್ಟರ್, ಮೆಕ್ಯಾನಿಕಲ್. ಊರು ಕುಣಿಗಲ್ ಹತ್ತಿರ. ಕಾಲೇಜಿನ ಹುಡುಗಿಯರ ಹಾಕಿ ತಂಡಕ್ಕೆ ನಾನೇ ಗೋಲಿ. ನಮ್ಮ ಕಡೆ ಕೊಕ್ಕೊ, ಕಬಡ್ಡಿ ಎಂದರೆ ಕಣ್ಣರಳಿಸುತ್ತಾರೆ. ಹಾಕಿ ಎಂದರೆ 'ಅದು ಕೊಡಗಿನವರ ಆಟ ಅಲ್ವಾ?' ಎನ್ನುತ್ತಾರೆ. ಅವರ ಮಾತಲ್ಲಿ ಸುಳ್ಳೇನಿಲ್ಲ. 1997ರಿಂದ ಕೊಡವ ಕುಟುಂಬಗಳು ಸೇರಿ ಟೂರ್ನಿ ಆಡುವ ಜಿಲ್ಲೆ ಅದು. ಭಾರತದ ಗೋಲು ಕಾಯ್ದ ಎ.ಬಿ. ಸುಬ್ಬಯ್ಯ ಅಲ್ಲಿನವರೇ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಪೆನಾಲ್ಟಿ ತಡೆದು ಚಿನ್ನ ತಂದ ಆಶಿಶ್ ಬಲ್ಲಾಳ್ ಕೂಡ ಕರ್ನಾಟಕದವರೇ. ಅಂದರೆ ಗೋಲಿಗಳ ವಿಷಯದಲ್ಲಿ ನಮ್ಮ ರಾಜ್ಯ ಬಡವಾಗಿಲ್ಲ. ಬಡವಾಗಿರೋದು ನಮ್ಮ ಕಾಲೇಜುಗಳ ಸ್ಪೋರ್ಟ್ಸ್ ರೂಮಿನ ಬೀರು.

ಆ ಬೀರುವಿನಲ್ಲಿ ಇದ್ದದ್ದು ಒಂದೇ ಚೆಸ್ಟ್ ಗಾರ್ಡ್. ಹುಡುಗರ ಲಾರ್ಜ್ ಸೈಜು. ಅವರ ಪ್ರಾಕ್ಟೀಸ್ ಮುಗಿದ ಮೇಲೆ, ಒದ್ದೆ ಇದ್ದಾಗಲೇ, ನನ್ನ ಕೈಗೆ ಬರುತ್ತಿತ್ತು. ವಾಸನೆ ಬಿಡಿ, ಅದು ಅಭ್ಯಾಸವಾಗುತ್ತೆ. ತೊಂದರೆ ಬೇರೆ. ಗೋಲಿ ನೇರವಾಗಿ ನಿಲ್ಲೋದಿಲ್ಲ, ಮೊಣಕಾಲು ಬಗ್ಗಿಸಿ, ಮುಂದಕ್ಕೆ ವಾಲಿ ನಿಲ್ಲುತ್ತಾಳೆ. ಹಾಗೆ ಬಗ್ಗಿದ ಕೂಡಲೇ ದೊಡ್ಡ ಗಾರ್ಡಿನ ಕೆಳ ಅಂಚು ತೊಡೆಗೆ ತಗುಲಿ ಇಡೀ ಗಾರ್ಡ್ ಮೇಲೇರುತ್ತದೆ. ಮೇಲೇರಿದ ಗಾರ್ಡ್ ಕತ್ತಿನ ಪಟ್ಟಿಯನ್ನು ತಳ್ಳುತ್ತದೆ, ಕತ್ತಿನ ಪಟ್ಟಿ ಹೆಲ್ಮೆಟ್ಟನ್ನು ಎತ್ತುತ್ತದೆ, ಚೆಂಡು ಬರುವ ಹೊತ್ತಿಗೆ ನನಗೆ ಕಾಣೋದು ಹೆಲ್ಮೆಟ್ಟಿನ ಕಂಬಿ ಮಾತ್ರ! ಇತ್ತ ಪಕ್ಕೆಲುಬಿನ ಹತ್ತಿರ ಕೈ ತೂರುವಷ್ಟು ಜಾಗ ಖಾಲಿ.

ಚೆಂಡಿನ ಬಗ್ಗೆ ಒಂದು ಮಾತು. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಹೆಚ್ಚುಕಮ್ಮಿ ಕ್ರಿಕೆಟ್ ಚೆಂಡಿನಷ್ಟೇ. ಒಳ್ಳೆಯ ಡ್ರ್ಯಾಗ್ ಫ್ಲಿಕ್ಕರ್ ಕೈಯಿಂದ ಅದು ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಮೆಕ್ಯಾನಿಕಲ್ ಓದುವವಳು ಲೆಕ್ಕ ಮಾಡದೆ ಇರೋಕಾಗುತ್ತಾ? 160 ಗ್ರಾಂ, ಸೆಕೆಂಡಿಗೆ ಸುಮಾರು 28 ಮೀಟರ್. ಚಲನಶಕ್ತಿ 62 ಜೂಲ್. ಆ ಚೆಂಡು ಎರಡು ಸೆಂಟಿಮೀಟರ್ ಫೋಮ್ ಒತ್ತಿ ನಿಂತರೆ ಸರಾಸರಿ ಬಲ 3,100 ನ್ಯೂಟನ್. ಒಂದೇ ಸೆಂಟಿಮೀಟರ್‌ನಲ್ಲಿ ನಿಂತರೆ 6,200. ಇದು ಬೋರ್ಡ್ ಮೇಲಿನ ಸರಳ ಲೆಕ್ಕ, ನಿಜವಾದ ಮೈ ಹಿಂದಕ್ಕೆ ಹೋಗುತ್ತದೆ, ಫೋಮ್ ಆ ಬಲವನ್ನು ಅಗಲಕ್ಕೂ ಹಂಚುತ್ತದೆ. ಆದರೂ ಒಂದು ಸೆಂಟಿಮೀಟರ್ ಫೋಮಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತೆ. ನಮ್ಮ ಕಾಲೇಜು ಲೆವೆಲ್ಲಿನಲ್ಲಿ ಅಷ್ಟು ವೇಗ ಬರಲ್ಲ, ನಿಜ. ವೇಗ 70ಕ್ಕೆ ಇಳಿದರೆ ಶಕ್ತಿ ಅರ್ಧವಾಗುತ್ತದೆ. ಆದರೆ ನಮಗೆ ಬೇರೆ ಶತ್ರು ಇದೆ: ಮಣ್ಣಿನ ಗ್ರೌಂಡ್. ನೀರು ಹಾಕಿದ ಟರ್ಫ್ ಮೇಲೆ ಚೆಂಡು ನೆಲ ಬಿಡದೆ ಜಾರಿ ಬರುತ್ತದೆ. ನಮ್ಮ ಗ್ರೌಂಡಲ್ಲಿ ಒಂದು ಕಲ್ಲಿಗೆ ತಗುಲಿದರೆ ಸಾಕು, ಕಾಲಿಗೆ ಬರಬೇಕಾದದ್ದು ಎದೆಗೆ ಬರುತ್ತದೆ.

ಇನ್ನೊಂದು ವಿಷಯ ಹೆದರಿಸೋಕೆ ಹೇಳುತ್ತಿಲ್ಲ, ಗೊತ್ತಿರಲಿ ಅಂತ. ಹೃದಯದ ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ, ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಸಣ್ಣ ಕ್ಷಣದಲ್ಲಿ, ನೇರ ಎದೆಗೆ ಪೆಟ್ಟು ಬಿದ್ದರೆ ಹೃದಯದ ಲಯ ತಪ್ಪಿ ಆಟಗಾರ ಅಲ್ಲೇ ಕುಸಿಯಬಹುದು. ವೈದ್ಯರು ಇದನ್ನು ಕಮೋಷಿಯೊ ಕಾರ್ಡಿಸ್ ಎನ್ನುತ್ತಾರೆ. ತೀರಾ ಅಪರೂಪ. ಗಾರ್ಡ್ ಹಾಕಿದವರಿಗೂ ಆಗಿದ್ದುಂಟು, ಹಾಗಾಗಿ ಚೆಸ್ಟ್ ಗಾರ್ಡ್ ಇದಕ್ಕೆ ಗ್ಯಾರಂಟಿ ಅಲ್ಲ. ಆಗ ಜೀವ ಉಳಿಸೋದು ತಕ್ಷಣ ಎದೆ ಒತ್ತುವ ಸಿಪಿಆರ್ ಮತ್ತು ಶಾಕ್ ಕೊಡುವ ಎಇಡಿ ಯಂತ್ರ. ನಮ್ಮ ತಂಡದಲ್ಲಿ ಈಗ ನಾಲ್ಕು ಜನ ಸಿಪಿಆರ್ ಕಲಿತಿದ್ದೇವೆ. ಯಾವ ತಂಡದವರೂ ಒಂದು ಭಾನುವಾರ ಕೊಟ್ಟು ಕಲಿಯಬಹುದಾದ ಕೆಲಸ ಅದು.

ಸರಿ, ಕೊಳ್ಳುವ ಕಥೆಗೆ ಬರೋಣ. ಹೊಸ ಪೂರ್ತಿ ಕಿಟ್ ಎಂದರೆ ಹತ್ತಾರು ಸಾವಿರ. ಶ್ರೀಜೇಶ್‌ಗೆ ಪ್ಯಾಡ್ ಕೊಡಿಸೋಕೆ ಅವರಪ್ಪ ಹಸು ಮಾರಿದ್ದರು ಎಂಬ ಕಥೆ ನೀವೂ ಕೇಳಿರುತ್ತೀರಿ, ಅವರೇ ಹೇಳಿಕೊಂಡಿದ್ದು. ನಮ್ಮ ಮನೆಯಲ್ಲಿ ಎರಡು ಹಸು ಇವೆ. ಅಮ್ಮನ ಮುಂದೆ ಈ ಕಥೆಯನ್ನು ನಾನು ಇವತ್ತಿಗೂ ಹೇಳಿಲ್ಲ. ಮೊದಲು ಒಬ್ಬ ಗೆಳತಿ ಕ್ರಿಕೆಟ್ ಚೆಸ್ಟ್ ಗಾರ್ಡ್ ಸಾಕಲ್ವಾ ಎಂದಳು. ಸಾಲದು. ಅದು ಬ್ಯಾಟ್ಸ್‌ಮನ್ ಪಕ್ಕಕ್ಕೆ ತಿರುಗಿ ನಿಲ್ಲುವ ಆಟದ್ದು, ಬೌಲರ್ ಕಡೆ ಇರುವ ಒಂದು ಬದಿ ಮಾತ್ರ ಮುಚ್ಚುತ್ತದೆ. ನಾವು ಎದುರಾಗಿ ನಿಲ್ಲುವವರು. ಕತ್ತಿನೆಲುಬಿನಿಂದ ಕೊನೆಯ ಪಕ್ಕೆಲುಬಿನವರೆಗೆ, ಎರಡೂ ಬದಿ ಬೇಕು. ಬೈಕ್ ರೈಡರ್‌ಗಳ ಜಾಕೆಟ್ ಬೇಕಾ ಅಂತ ಇನ್ನೊಬ್ಬಳು ಕೇಳಿದಳು. ಅದನ್ನು ಮಾಡಿರೋದು ರಸ್ತೆಯಲ್ಲಿ ಬಿದ್ದು ಉಜ್ಜಿಕೊಂಡು ಹೋಗುವವರಿಗೆ.

ಕೊನೆಗೆ ಸಿಕ್ಕಿದ್ದು ಗುಬ್ಬಿಯಲ್ಲಿ. ನಮ್ಮ ಕಾಲೇಜಿನಿಂದ ಪಾಸಾಗಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಸೀನಿಯರ್ ಅಕ್ಕ ಒಬ್ಬರ ಹಳೆಯ ಗಾರ್ಡ್ ಅವರ ಮನೆಯ ಅಟ್ಟದಲ್ಲಿತ್ತು. ಮೀಡಿಯಂ ಸೈಜು, ಹೆಣ್ಣುಮಕ್ಕಳ ಅಳತೆಗೇ ಮಾಡಿದ್ದು. 1,800 ರೂಪಾಯಿ ಹೇಳಿದರು. ತುಮಕೂರಿನಿಂದ ರೈಲು ಹತ್ತಿದರೆ ಗುಬ್ಬಿ ಇಪ್ಪತ್ತೇ ಕಿಲೋಮೀಟರ್, ಆದರೆ ಪ್ರಯಾಣ ಸುಲಭ ಅಂತ ಕಣ್ಣುಮುಚ್ಚಿ ಕೊಳ್ಳಬಾರದಲ್ಲ. ಸೆಕೆಂಡ್ ಹ್ಯಾಂಡ್ ಗಾರ್ಡ್ ನೋಡುವಾಗ ಮೊದಲ ಪರೀಕ್ಷೆ ಹೆಬ್ಬೆರಳಿನದು. ಎದೆಯ ಮಧ್ಯದ ಫೋಮನ್ನು ಗಟ್ಟಿಯಾಗಿ ಒತ್ತಿ ಬಿಡಿ. ತಕ್ಷಣ ಮೇಲೆ ಬಂದರೆ ಜೀವ ಇದೆ. ಗುಳಿ ಹಾಗೇ ಉಳಿದರೆ ಫೋಮ್ ಸತ್ತಿದೆ, ನೂರು ರೂಪಾಯಿಗೂ ಬೇಡ. ಆಮೇಲೆ ಹೊಲಿಗೆ, ಬಕಲ್ಲು. ವೆಲ್ಕ್ರೋಗೆ ಕೂದಲು ತುಂಬಿದ್ದರೆ ಪರವಾಗಿಲ್ಲ, ಸೂಜಿಯಲ್ಲಿ ತೆಗೆಯಬಹುದು. ಎಲಾಸ್ಟಿಕ್ ಜೋತು ಬಿದ್ದಿದ್ದರೆ ಬದಲಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ನಾನು 200 ಕಡಿಮೆ ಮಾಡಿಸಿದೆ.

ಅಳತೆ ನೋಡೋದು ಕನ್ನಡಿ ಮುಂದೆ ಅಲ್ಲ. ಕನ್ನಡಿ ಮುಂದೆ ಎಲ್ಲ ಗಾರ್ಡೂ ಚೆನ್ನಾಗೇ ಕಾಣುತ್ತದೆ. ಹೆಲ್ಮೆಟ್, ಕತ್ತಿನ ಪಟ್ಟಿ, ಪ್ಯಾಡೆಡ್ ಶಾರ್ಟ್ಸ್ ಎಲ್ಲ ಹಾಕಿಕೊಂಡೇ ನೋಡಬೇಕು. ಅಕ್ಕನ ಮನೆಯ ಹಜಾರದಲ್ಲಿ ನಾನು ಬಗ್ಗಿದೆ, ಕುಕ್ಕರಗಾಲಲ್ಲಿ ಕೂತೆ, ಎರಡೂ ಕೈಯನ್ನು ಎದೆಯ ಮುಂದೆ ಅಡ್ಡ ತಂದೆ, ಚಾಪೆ ಹಾಸಿ ಪಕ್ಕಕ್ಕೆ ಬಿದ್ದೆ. ಬಗ್ಗಿದಾಗ ಗಲ್ಲಕ್ಕೆ ತಾಕಬಾರದು. ಕೈ ಮೇಲೆತ್ತಿ ಚಾಚಿದಾಗ ಗಾರ್ಡಿಗೂ ಶಾರ್ಟ್ಸಿಗೂ ನಡುವೆ ಹೊಟ್ಟೆ ಕಾಣಬಾರದು. ಅವರ ಅಜ್ಜಿ ಬಾಗಿಲಲ್ಲಿ ನಿಂತು, 'ಕರ್ಣನ ಪಾರ್ಟ್ ಮಾಡ್ತೀಯೇನಮ್ಮ?' ಎಂದರು. ನಾಟಕ ಕಂಪನಿಯಿಂದ ಹೆಸರಾದ ಊರಲ್ಲವೇ! ಕರ್ಣನಿಗೆ ಏನು, ಕವಚ ಹುಟ್ಟುವಾಗಲೇ ಬಂದಿತ್ತು, ಸೈಜಿನ ತಲೆನೋವಿಲ್ಲ.

ಇಲ್ಲೊಂದು ಆಸೆ ಹುಟ್ಟುತ್ತದೆ, ಎಚ್ಚರ. ಗೋಲು 3.66 ಮೀಟರ್ ಅಗಲ, ಗಾರ್ಡ್ ಸ್ವಲ್ಪ ದೊಡ್ಡದಿದ್ದರೆ ಅಷ್ಟು ಜಾಗ ಮುಚ್ಚುತ್ತಲ್ಲ ಅಂತ. ಮೈಯ ಸಹಜ ಗಾತ್ರವನ್ನು ಕೃತಕವಾಗಿ ಹಿಗ್ಗಿಸುವ ಕವಚ ನಿಯಮಕ್ಕೆ ವಿರುದ್ಧ. ನಿಯಮ ಹಾಗಿರಲಿ, ದೊಡ್ಡ ಗಾರ್ಡ್ ಹಾಕಿದ ಗೋಲಿ ನಿಧಾನವಾಗುತ್ತಾಳೆ. ನನ್ನ ಅಭಿಪ್ರಾಯ ಕೇಳಿದರೆ, ಎರಡರ ನಡುವೆ ಅನುಮಾನ ಬಂದಾಗ ಮೈಗೆ ಅಂಟಿದ ಹಾಗಿರುವ ಸಣ್ಣದನ್ನೇ ಆರಿಸಿ, ಪಕ್ಕೆ ಮುಚ್ಚುತ್ತದೆ ಎಂದಾದರೆ ಮಾತ್ರ.

ಗಾರ್ಡನ್ನು ಮನೆಗೆ ತಂದಾಗ ಅಪ್ಪನ ಸಲಹೆ: 'ಹೊಸ ಚಪ್ಪಲಿ ಕಚ್ಚಿದರೆ ಎಣ್ಣೆ ಹಚ್ಚಲ್ವಾ, ಹಾಗೇ ಹಚ್ಚು.' ಕುದುರೆ ಫಾರಂ ಇರುವ ಊರಿನವರು ಅವರು, ಜೀನಿನ ಚರ್ಮ ಎಣ್ಣೆ ಕುಡಿದು ಮೆತ್ತಗಾಗೋದನ್ನು ಕಂಡವರು. ಆದರೆ ಇದು ಚರ್ಮ ಅಲ್ಲ. ಒಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳಿರುವ ಪ್ಲಾಸ್ಟಿಕ್ ಫೋಮ್. ಎಣ್ಣೆ ಅದರೊಳಗೆ ಇಳಿಯೋದಿಲ್ಲ, ಅಂಟನ್ನು ಹಾಳು ಮಾಡುತ್ತದೆ. ಬಿಸಿಲಿಗೆ ಇಟ್ಟರೆ ಮೆತ್ತಗಾಗುತ್ತದೆ ಎಂಬ ಸಲಹೆಯೂ ಬಂತು. ಮೆತ್ತಗಾಗುವುದು ನಿಜ, ಗುಳ್ಳೆ ಕುಸಿದು ಮೆತ್ತಗಾಗುತ್ತದೆ. ಆಮೇಲೆ ಅದು ತಡೆಯುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ.

ಹಾಗಾದರೆ ಪಳಗಿಸೋದು ಏನನ್ನು? ಸ್ಟ್ರಾಪನ್ನು, ಮಡಿಕೆಗಳನ್ನು, ಮತ್ತು ಹೆಚ್ಚಾಗಿ ನಮ್ಮನ್ನು. ಮೊದಲ ವಾರ ನಾನು ಅದನ್ನು ಹಾಸ್ಟೆಲ್ ರೂಮಿನಲ್ಲಿ ದಿನಕ್ಕೆ ಅರ್ಧ ಗಂಟೆ ಹಾಕಿಕೊಂಡು ಕೂತೆ. ಇಂಟರ್ನಲ್ಸ್ ಹತ್ತಿರವಿತ್ತು, ಥರ್ಮೋಡೈನಮಿಕ್ಸ್ ಓದಿದ್ದೆಲ್ಲ ಗಾರ್ಡಿನೊಳಗೇ. ರೂಮ್‌ಮೇಟ್ ಕೊಟ್ಟ ಅಡ್ಡಹೆಸರು ಇಲ್ಲಿ ಬೇಡ. ಮೈಬಿಸಿಗೆ ಭುಜದ ಮಡಿಕೆ ಸ್ವಲ್ಪ ಬಗ್ಗಿತು. ಆಮೇಲೆ ಗ್ರೌಂಡಲ್ಲಿ ಟೆನಿಸ್ ಚೆಂಡು, ಐದು ಮೀಟರ್ ದೂರದಿಂದ ಕೈಯಲ್ಲಿ ಎಸೆದಿದ್ದು. ಅದಾದ ಮೇಲೆ ಹಾಕಿ ಚೆಂಡನ್ನೇ ಕೈಯಲ್ಲಿ, ಕೆಳಗಿನಿಂದ. ಮೂರನೇ ವಾರ ಸ್ಟಿಕ್ಕಿನ ಪುಷ್, ಕೊನೆಗೆ ಹಿಟ್. ಪ್ರತಿ ದಿನ ಮುಗಿದ ಮೇಲೆ ಎದೆ, ಪಕ್ಕೆ ನೋಡಿಕೊಳ್ಳುತ್ತಿದ್ದೆ. ಕೆಂಪು ಗುರುತು ಎಲ್ಲಿದೆಯೋ ಅಲ್ಲಿ ಗಾರ್ಡ್ ಸರಿದಿದೆ ಎಂದರ್ಥ, ಮರುದಿನ ಆ ಸ್ಟ್ರಾಪ್ ಒಂದು ಬೆರಳು ಬಿಗಿ. ಸರಿಯಾದ ಜಾಗ ಸಿಕ್ಕ ದಿನ ಸ್ಟ್ರಾಪಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದೆ. ಬೆನ್ನಿನ ಎಲಾಸ್ಟಿಕ್ಕನ್ನು ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರದ ಚಮ್ಮಾರರೊಬ್ಬರು ಬದಲಿಸಿಕೊಟ್ಟರು. ನಲವತ್ತು ರೂಪಾಯಿ, ಎರಡು ಸಾಲು ಹೊಲಿಗೆ, ಇನ್ನೂ ಅಲ್ಲಾಡಿಲ್ಲ.

ನಾನು ಕಲಿಯಬೇಕಿದ್ದದ್ದು ಇನ್ನೊಂದಿತ್ತು. ಪ್ರತಿ ಗಾರ್ಡ್ ಚೆಂಡನ್ನು ಬೇರೆ ಬೇರೆ ಥರ ಬಿಡುತ್ತದೆ. ಕಾಲೇಜಿನ ಹಳೆಯ ಗಾರ್ಡಿಗೆ ತಗುಲಿದ ಚೆಂಡು ಎದುರಾಳಿಯ ಸ್ಟಿಕ್ಕಿಗೇ ವಾಪಸ್ ಹೋಗುತ್ತಿತ್ತು. ಇದರಲ್ಲಿ, ನಾನು ಉಸಿರು ಬಿಟ್ಟು ಎದೆಯನ್ನು ಸ್ವಲ್ಪ ಒಳಗೆ ಎಳೆದುಕೊಂಡರೆ, ಚೆಂಡು ಒಂದು ಹೆಜ್ಜೆ ಮುಂದೆ ಸತ್ತು ಬೀಳುತ್ತದೆ. ಅಲ್ಲಿಂದ ಕಿಕ್ ಮಾಡಿ ಹೊರಗೆ ಹಾಕೋದು ಸುಲಭ. ಇದು ಮೈಗೆ ಬರೋಕೆ ಇನ್ನೂರು ಚೆಂಡು ಬೇಕಾಯಿತು. ಮೊದಲೆಲ್ಲ ಚೆಂಡು ಎದೆಗೆ ಬಂದರೆ ಅರ್ಧ ಪಕ್ಕಕ್ಕೆ ತಿರುಗುತ್ತಿದ್ದೆ, ಹೆದರಿಕೆಗೆ. ಪಕ್ಕಕ್ಕೆ ತಿರುಗಿದ ಗೋಲಿಗೆ ಪೆಟ್ಟು ಬೀಳೋದು ಗಾರ್ಡ್ ಇಲ್ಲದ ಕಡೆಯೇ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿದ ಕ್ವಾರ್ಟರ್ ಫೈನಲ್‌ನ ವಿಡಿಯೊ ಸಿಕ್ಕರೆ ಸವಿತಾ ಪೂನಿಯಾ ಭುಜಗಳನ್ನು ನೋಡಿ. ಎರಡೂ ಸದಾ ಚೆಂಡಿನ ಕಡೆಗೇ ಇರುತ್ತವೆ.

ನಿರ್ವಹಣೆ ಹೆಚ್ಚೇನಿಲ್ಲ. ಒಳಗೆ ತೆಳು ಕಾಟನ್ ಟೀ ಶರ್ಟ್, ಮೇಲೆ ಜೆರ್ಸಿ. ಗಾರ್ಡ್ ಜೆರ್ಸಿಯ ಒಳಗೇ ಇರಬೇಕೆಂಬುದು ನಿಯಮ. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಫ್ಯಾನ್ ಕೆಳಗೆ ನೇತುಹಾಕಿ. ಬ್ಯಾಗಿನಲ್ಲಿ ಮಡಚಿ ತುರುಕಬೇಡಿ.

ಈ ವರ್ಷ ಫಸ್ಟ್ ಇಯರ್‌ಗೆ ಬಂದ ಹುಡುಗಿಯೊಬ್ಬಳು ಗೋಲಿ ಆಗ್ತೀನಿ ಎಂದಿದ್ದಾಳೆ. ಇನ್ನೊಂದು ಗಾರ್ಡಿಗೆ ಕಾಲೇಜಿಗೆ ಅರ್ಜಿ ಕೊಟ್ಟಿದ್ದೇವೆ, ಹುಡುಗಿಯರ ಅಳತೆ ಎಂದು ಅಡಿಗೆರೆ ಎಳೆದು. ಅದು ಬರುವವರೆಗೆ ನಮ್ಮಿಬ್ಬರಿಗೂ ಒಂದೇ. ನನ್ನ ನೀಲಿ ಗೆರೆಯಿಂದ ಎರಡು ಬೆರಳು ಒಳಗೆ ಅವಳ ಕೆಂಪು ಗೆರೆ ಇದೆ. ಸೋಮವಾರ ಅವಳಿಗೆ ಟೆನಿಸ್ ಚೆಂಡಿನ ಎರಡನೇ ದಿನ.