ರಮ್ಮಿಯ ಎರಡು ಕಟ್ಟು, ಒಬ್ಬರ ಆಟ

ಮನೆಯಲ್ಲಿ ರಮ್ಮಿಗೆಂದು ಇಟ್ಟ ಎರಡು ಕಟ್ಟು ಇಸ್ಪೀಟು ಇದೆಯಾ? ಜೋಕರ್ ತೆಗೆದರೆ 104 ಎಲೆ. ಆಟ ‘ಫಾರ್ಟಿ ಥೀವ್ಸ್’, ಆಲಿಬಾಬನ ನಲವತ್ತು ಕಳ್ಳರು. ಜೊತೆಗಾರರೂ ಬೇಡ, ದುಡ್ಡೂ ಬೇಡ.

ಚೆನ್ನಾಗಿ ಕಲಸಿ. ಹತ್ತು ಸಾಲು, ಸಾಲಿಗೆ ನಾಲ್ಕು ಎಲೆ, ಎಲ್ಲವೂ ಮುಖ ಮೇಲೆ. ಉಳಿದ 64 ಪಕ್ಕಕ್ಕೆ. ಎಕ್ಕ ಸಿಕ್ಕರೆ ಮೇಲ್ಗಡೆ ಇಡಿ. ಅದೇ ಗುರುತಿನ ಎರಡು, ಮೂರು, ಹೀಗೆ ರಾಜನವರೆಗೆ ಏರಿಸಿ. ಎಂಟು ಎಕ್ಕ, ಎಂಟು ಗುಡ್ಡೆ.

ಸಾಲಿನಲ್ಲಿ ಇಳಿಕೆ: ಆಟೀನ್ ಒಂಬತ್ತರ ಮೇಲೆ ಆಟೀನ್ ಎಂಟೇ. ಸಲಕ್ಕೆ ಒಂದೇ ಎಲೆ ಸರಿಸಬೇಕು, ಕಷ್ಟವೆಲ್ಲ ಇಲ್ಲೇ. ಕಟ್ಟಿನಿಂದ ಒಂದೊಂದೇ ತೆಗೆಯಿರಿ. ಮುಗಿದರೆ ಮತ್ತೆ ತಿರುಗಿಸುವಂತಿಲ್ಲ. ಖಾಲಿಯಾದ ಸಾಲಿಗೆ ಯಾವ ಎಲೆಯೂ ಆದೀತು. ದಯವಿಟ್ಟು ಅವಸರದಲ್ಲಿ ತುಂಬಬೇಡಿ, ಅಡಿಯಲ್ಲಿ ಸಿಕ್ಕಿಬಿದ್ದ ಎಕ್ಕ ಬಿಡಿಸಲು ಆ ಜಾಗ ಬೇಕು.