ಕಂಡ ನಂಬರ್ ಎಲ್ಲಿ ಹೋಯಿತು?

ಇಂಡಿ ಸೀಮೆಯ ಅಗರಖೇಡ ಭೀಮಾ ದಂಡೆಯ ಊರು. ಹೊಳೆ ದಾಟಿದರೆ ಮಹಾರಾಷ್ಟ್ರ. ಹೀಗಾಗಿ ಈ ಸೀಮೆಯ ರಸ್ತೆಗಳಲ್ಲಿ ವಿಜಯಪುರದ ಕೆಎ 28 ಗಾಡಿಗಳ ಜೊತೆ ಸೊಲ್ಲಾಪುರದ ಎಂಎಚ್ 13 ಗಾಡಿಗಳೂ ಓಡಾಡುತ್ತವೆ. ಕುರಿಗೆ ಗುದ್ದಿದ ಬೈಕೊಂದು ನಿಲ್ಲದೆ ಹೋಯಿತೆನ್ನಿ. ಅಲ್ಲಿದ್ದವರನ್ನು ಕೇಳಿದರೆ, ‘ನಂಬರ ಕಂಡಿತ್ರೀ, ಖರೆ ಪೂರಾ ನೆನಪಿಲ್ಲ’ ಎನ್ನುತ್ತಾರೆ. ಪೊಲೀಸರಿಗೆ ಇದು ಜಾರಿಕೊಳ್ಳುವ ಮಾತಾಗಿ ಕೇಳಿಸಬಹುದು. ಮಿದುಳಿನ ಮಟ್ಟಿಗೆ ಅದು ಅಪ್ಪಟ ಸತ್ಯ.

1960ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಪರ್ಲಿಂಗ್ ಇದನ್ನು ಸೊಗಸಾಗಿ ತೋರಿಸಿದರು. ಸಾಲಿಗೆ ನಾಲ್ಕರಂತೆ ಮೂರು ಸಾಲು, ಒಟ್ಟು 12 ಅಕ್ಷರ. ತೆರೆಯ ಮೇಲೆ ಅವು ಇರುತ್ತಿದ್ದುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಮಾತ್ರ. ನೋಡಿದವರು ನಾಲ್ಕೈದು ಅಕ್ಷರ ಹೇಳಿ ತಡವರಿಸುತ್ತಿದ್ದರು. ಉಳಿದವೂ ಕಂಡಿದ್ದವು, ಹೇಳುವಷ್ಟರಲ್ಲಿ ಅಳಿಸಿಹೋದವು ಎಂಬುದು ಅವರ ದೂರು. ಸ್ಪರ್ಲಿಂಗ್ ಆಗ ಒಂದು ಉಪಾಯ ಹೂಡಿದರು. ಅಕ್ಷರಗಳು ಮರೆಯಾದ ಮೇಲೆ ಒಂದು ಸ್ವರ ಕೇಳಿಸುತ್ತದೆ: ತಾರವಾದರೆ ಮೇಲಿನ ಸಾಲು ಹೇಳಬೇಕು, ಮಧ್ಯಮವಾದರೆ ನಡುವಿನದು, ಮಂದ್ರವಾದರೆ ಕೆಳಗಿನದು. ಯಾವ ಸಾಲು ಕೇಳುತ್ತಾರೆಂದು ಮೊದಲೇ ಯಾರಿಗೂ ಗೊತ್ತಿಲ್ಲ. ಆದರೂ ಕೇಳಿದ ಸಾಲಿನ ನಾಲ್ಕರಲ್ಲಿ ಸುಮಾರು ಮೂರು ಅಕ್ಷರ ಸರಿಯಾಗಿ ಬರುತ್ತಿದ್ದವು. ಅಂದರೆ ಆ ಗಳಿಗೆಯಲ್ಲಿ ಮೂರೂ ಸಾಲಿನ ಬಹುಪಾಲು ಒಳಗೆ ಇದ್ದೇ ಇತ್ತು. ಸ್ವರವನ್ನು ಒಂದು ಸೆಕೆಂಡು ತಡಮಾಡಿದರೆ ಮಾತ್ರ ಈ ಲಾಭವೆಲ್ಲ ಮಾಯ.

ಈ ಕ್ಷಣಿಕ ದಾಸ್ತಾನಿಗೆ ಮನೋವಿಜ್ಞಾನಿ ಉಲ್ರಿಕ್ ನೈಸರ್ 1967ರಲ್ಲಿ ‘ಐಕಾನಿಕ್ ಮೆಮೊರಿ’ ಎಂದು ಹೆಸರಿಟ್ಟರು. ದೀಪಾವಳಿಯಲ್ಲಿ ಮಕ್ಕಳು ಸುರಸುರಬತ್ತಿಯನ್ನು ಗಿರಗಿರ ತಿರುಗಿಸಿದಾಗ ಕತ್ತಲಲ್ಲಿ ಬೆಂಕಿಯ ಬಳೆ ಕಾಣುವುದೂ ಇದರ ನೆಂಟನೇ. ಬೆಳಕು ಮುಂದೆ ಸರಿದರೂ ಕಣ್ಣಿನ ರೆಟಿನಾದಲ್ಲಿ, ಮಿದುಳಿನ ಹಿಂಭಾಗದ ದೃಷ್ಟಿ ವಲಯದಲ್ಲಿ ಅದರ ಗುರುತು ಒಮ್ಮೆಲೇ ಅಳಿಯುವುದಿಲ್ಲ.

ಬೈಕಿನ ನಂಬರು ಈ ಹಂತ ದಾಟಿ ಉಳಿಯಬೇಕಾದರೆ ಅಲ್ಪಾವಧಿ ನೆನಪು ಎಂಬ ಎರಡನೆಯ ದಾಸ್ತಾನಿಗೆ ಹೋಗಬೇಕು. ಅಲ್ಲಿ ಜಾಗ ಬಲು ಕಡಿಮೆ. ಸಂಶೋಧಕರಾದ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗೆಲ್ 1997ರಲ್ಲಿ ಬಣ್ಣದ ಚೌಕಗಳನ್ನು ತೋರಿಸಿ ಅಳೆದಾಗ ಸಿಕ್ಕ ಲೆಕ್ಕ ಮೂರು-ನಾಲ್ಕು ವಸ್ತು, ಅಷ್ಟೇ. ನಂಬರ್ ಪ್ಲೇಟಿನಲ್ಲಿ ಸಾಮಾನ್ಯವಾಗಿ ಇರುವುದು ಹತ್ತು ಅಕ್ಷರ, ಅಂಕಿ!

ಇಲ್ಲಿ ಊರಿನವರಿಗೆ ಒಂದು ಅನುಕೂಲವಿದೆ. ‘ಎಂಎಚ್ 13’ ದೂರದವರಿಗೆ ನಾಲ್ಕು ಬಿಡಿ ಗುರುತು. ಇಂಡಿಯವರಿಗೆ ಅದು ಸೊಲ್ಲಾಪುರ, ಒಂದೇ ತುಂಡು. ಸಂಶೋಧಕರಾದ ಚೇಸ್ ಮತ್ತು ಸೈಮನ್ 1973ರಲ್ಲಿ ಚೆಸ್ ಆಟಗಾರರಲ್ಲಿ ಕಂಡದ್ದೂ ಇದನ್ನೇ. ನಿಜವಾದ ಆಟದ ಮಣೆಯನ್ನು ಐದು ಸೆಕೆಂಡು ನೋಡಿದ ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಮತ್ತೆ ಹಾಗೇ ಜೋಡಿಸಬಲ್ಲ. ಕಾಯಿಗಳನ್ನು ಮನಬಂದಂತೆ ಇಟ್ಟರೆ ಅವನ ಹೆಚ್ಚುಗಾರಿಕೆ ಬಹುತೇಕ ಇಳಿದುಹೋಗುತ್ತದೆ.

ಗಮನ ಎತ್ತ ಬಿತ್ತು ಎಂಬುದಂತೂ ಎಲ್ಲಕ್ಕಿಂತ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀಧರನ್ ದೇವರಾಜನ್ ಅವರ ಪ್ರಯೋಗಾಲಯ ಇದನ್ನೇ ಅಧ್ಯಯನ ಮಾಡುತ್ತದೆ. ಹೆಚ್ಚುಕಡಿಮೆ ಒಂದೇ ಥರದ ಎರಡು ಚಿತ್ರಗಳನ್ನು ನಡುವೆ ಕ್ಷಣಕಾಲ ಖಾಲಿ ತೆರೆ ಬಿಟ್ಟು ಒಂದಾದಮೇಲೊಂದು ತೋರಿಸುತ್ತಾ ಹೋದರೆ, ಢಾಳಾದ ಬದಲಾವಣೆಯೂ ಎಷ್ಟೋ ಹೊತ್ತು ಕಣ್ಣಿಗೆ ಬೀಳುವುದಿಲ್ಲ. ಕುರಿ ಬಿದ್ದು ಒದ್ದಾಡುತ್ತಿದ್ದರೆ ನೋಟ ಕುರಿಯ ಮೇಲೇ ಇರುತ್ತದೆ. ಪ್ಲೇಟನ್ನು ಯಾರು ನೋಡುತ್ತಾರೆ?

ಕಣ್ಣಿಗೆ ಬಿದ್ದರೆ ಮೊದಲು ಕೊನೆಯ ನಾಲ್ಕು ಅಂಕಿ ಹಿಡಿದು, ಬಾಯಿಬಿಟ್ಟು ಹೇಳುತ್ತಲೇ ಇರಬೇಕು. ಮಾತಿನ ನೆನಪಿನ ವ್ಯವಸ್ಥೆ ಬೇರೆ. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟನ್ನು ಅದು ಮತ್ತೆ ಮತ್ತೆ ಉರು ಹಾಕುತ್ತಾ ಉಳಿಸಿಕೊಳ್ಳುತ್ತದೆ, ಯಾರಾದರೂ ಪೆನ್ನು ಹುಡುಕಿ ತರುವವರೆಗೆ.