ಪರ್ಸಿ ಕಲ್ಲಿನೊಳಗಿನ ನೊರೆ

ಶಹಾಬಾದ್ ಹೊರಗಿನ ಖಣಿಯೊಂದರಲ್ಲಿ ಮೊನ್ನೆ ನಿಂಬೆಹಣ್ಣು ಹಿಂಡಿ ಬಂದೆ. ನಗಬೇಡಿ. ಉಳಿ ಹೊಡೆದಲ್ಲಿ ಉದುರಿದ್ದ ಬೂದು ಪುಡಿಯ ಮೇಲೆ ನಾಲ್ಕು ಹನಿ ಬಿದ್ದದ್ದೇ ತಡ, ಸಣ್ಣಗೆ ನೊರೆ ಎದ್ದಿತು. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಎಬ್ಬಿಸುತ್ತಿದ್ದ ಹಿರಿಯರು ಬಗ್ಗಿ ನೋಡಿ, "ಸೋಡಾ ಆತಲ್ರೀ ಸರ" ಎಂದರು. ಲೆಕ್ಕ ಸರಿಯೇ. ಸೋಡಾದಲ್ಲಿರುವುದೂ ಇಲ್ಲಿಂದ ಹೊರಟದ್ದೂ ಅದೇ ಕಾರ್ಬನ್ ಡೈಆಕ್ಸೈಡ್. ಇದು ಮಾತ್ರ 50 ಕೋಟಿ ವರ್ಷಕ್ಕೂ ಹಿಂದೆ, ಕಪ್ಪೆಚಿಪ್ಪಿನ ಪ್ರಾಣಿಗಳೇ ಹುಟ್ಟಿರದ ಕಡಲಿನಲ್ಲಿ ಕರಗಿದ್ದದ್ದು.

ಚಿತ್ತಾಪುರ, ವಾಡಿ, ಸೇಡಂ ಕೂತಿರುವುದು ಆ ಕಡಲಿನ ಸುಣ್ಣದ ಕೆಸರು ಗಟ್ಟಿಯಾದ ಈ ಸುಣ್ಣಕಲ್ಲಿನ ಮೇಲೆ. ಚಿಂಚೋಳಿ ಕಡೆ ಬಹುಪಾಲು ಅದನ್ನು ಬಸಾಲ್ಟ್ ಮುಚ್ಚಿದೆ. ಕೆಸರು ಕಲ್ಲಾದದ್ದರಲ್ಲೊಂದು ಚೋದ್ಯವಿದೆ, ನನಗೆ ಇನ್ನೂ ಬಿಡಿಸಿಕೊಳ್ಳಲಾಗಿಲ್ಲ. ನೀರಿನಲ್ಲಿ ಕರಗಿದ ಬೈಕಾರ್ಬನೇಟ್ ಕಲ್ಲಾಗುವಾಗ ಎರಡು ಪಾಲು ಇಂಗಾಲದಲ್ಲಿ ಒಂದು ಮಾತ್ರ ಕಲ್ಲು ಸೇರುತ್ತದೆ, ಇನ್ನೊಂದು ಅನಿಲವಾಗಿ ವಾಪಸ್. ಅಂದರೆ ಇಂಗಾಲದ ಈ ತಿಜೋರಿ ತುಂಬುವಾಗಲೂ ಸೋರುತ್ತಿತ್ತು! ಪರ್ಸಿ ಕಂಡಾಗಲೆಲ್ಲ ಆ ಹೊರಗುಳಿದ ಪಾಲು ಎಲ್ಲಿ ಹೋಯಿತೆಂದು ಯೋಚಿಸುತ್ತೇನೆ.

ಕಡಲಿನ ಇನ್ನೊಂದು ತಿಜೋರಿ ನೀರಿನ ಓಡಾಟ. ಉತ್ತರ ಅಟ್ಲಾಂಟಿಕ್‌ನಲ್ಲಿ, ಅಂಟಾರ್ಕ್ಟಿಕದ ಸುತ್ತ ತಣ್ಣಗಾಗಿ ಭಾರವಾದ ನೀರು ಅನಿಲವನ್ನು ಹೊತ್ತು ತಳಕ್ಕಿಳಿದು, ನೂರಾರು ವರ್ಷ ಕತ್ತಲಲ್ಲೇ ಹರಿಯುತ್ತದೆ. ಹೀಗೆ ಕೂಡಿದ ಇಂಗಾಲ ವಾತಾವರಣದಲ್ಲಿರುವುದರ 40 ಪಟ್ಟಿಗೂ ಹೆಚ್ಚು. ಹಿಮಯುಗದಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 180 ಇದ್ದ ಅನಿಲ ಆಮೇಲೆ 280ರ ಹತ್ತಿರಕ್ಕೇರಿತು. ದಕ್ಷಿಣ ಸಾಗರದ ತಳನೀರು ಮೇಲೆದ್ದದ್ದು ಅದಕ್ಕೊಂದು ಮುಖ್ಯ ಕಾರಣ. ಅಷ್ಟು ದೂರವೇಕೆ? ನಮ್ಮ ತೊಗರಿಗೆ ಮಳೆ ತರುವ ಮುಂಗಾರು ಗಾಳಿಯೇ ಅರಬ್ಬಿ ಸಮುದ್ರದ ಮೇಲ್ನೀರನ್ನು ಪಕ್ಕಕ್ಕೆ ತಳ್ಳಿ, ಕೆಳಗಿನ ನೀರನ್ನೆಬ್ಬಿಸಿ, ಅದರ ಅನಿಲವನ್ನು ಹೊರಹಾಕಿಸುತ್ತದೆ.

ಇತ್ತ ನೂರು ಕೆ.ಜಿ. ಶುದ್ಧ ಸುಣ್ಣಕಲ್ಲು ಸಿಮೆಂಟ್ ಗೂಡಿನಲ್ಲಿ ಬೆಂದರೆ 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಚಿಮಣಿ ಹತ್ತುತ್ತದೆ; ಕಲ್ಲಿದ್ದಲಿನ ಹೊಗೆ ಬೇರೆ. ಕಡಲು ನುಂಗಿಕೊಳ್ಳುತ್ತದೆ ಬಿಡಿ ಎನ್ನುವವರ ಮಾತು ನನಗೆ ರುಚಿಸುವುದಿಲ್ಲ. ಅದು ನುಂಗುತ್ತಿರುವುದು ನಾವು ಬಿಟ್ಟದ್ದರಲ್ಲಿ ಸುಮಾರು ಕಾಲು ಭಾಗ. ಮೇಲ್ನೀರು ಬಿಸಿಯಾದಷ್ಟೂ ಹಗುರಾಗಿ ತಳಕ್ಕಿಳಿಯಲು ಒಲ್ಲೆನ್ನುತ್ತದೆ, ಬಿಸಿಲಿಗಿಟ್ಟ ಸೋಡಾದಂತೆ ಅನಿಲವನ್ನೂ ಹಿಡಿದಿಡಲಾರದು.

ಇದನ್ನೆಲ್ಲ ಹಿರಿಯರಿಗೆ ಹೇಳುವ ಹುಮ್ಮಸ್ಸಿನಲ್ಲಿದ್ದೆ. ಅವರು ಬುತ್ತಿ ಬಿಚ್ಚಿದ್ದರು. ನನ್ನ ಕೈಯ ಅರ್ಧ ಹೋಳು ಕೇಳಿ ಇಸಿದುಕೊಂಡು, ಕಲ್ಲಿನ ದೂಳನ್ನೂ ಒರೆಸದೆ ಉಳ್ಳಾಗಡ್ಡಿಗೆ ಹಿಂಡಿಕೊಂಡರು.